ಮೇರಿ ಗಾರ್ಬರ್: ಆಟದ ಬಯಲಿನ ವರದಿಗಾರ್ತಿಯೊಬ್ಬಳ ಚರಿತ್ರೆ

ಚರಿತ್ರೆ ಎಂದೊಡನೆ ನಮ್ಮವರ ಮನಸ್ಸು ಅರಸುಮನೆತನಗಳ ಕಡೆಗೂ ಕೋಟೆಕೊತ್ತಲಗಳ ಕಡೆಗೂ ಹೊರಳುವುದು ರೂಢಿ. ಈ ಸ್ಮರಣ ಸಂಚಿಕೆಗೆ ಚರಿತ್ರೆಯ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಘದ ಮಿತ್ರರು ಕೇಳಿದಾಗ ನಾನೂ ಬೇಕಲದ ಕೋಟೆಯನ್ನು ಕುರಿತು ನಾಲ್ಕು ಮಾತು ಬರೆಯುವೆನೆಂದು ಒಪ್ಪಿಕೊಂಡಿದ್ದೆ. ಕೆಳದಿಯ ಅರಸರ ಆ ಕೋಟೆಯ ವಿಚಾರವಾಗಿ ಬಲ್ಲವರು ಅನೇಕರು ಬರೆದಿದ್ದಾರೆ; ಮುಂದೆಯೂ ಬರೆಯುವರು. ಕೋಟೆ ಎಲ್ಲಿಗೂ ಹೋಗುವುದಿಲ್ಲ. ಆದರೆ ಕಳೆದ ವರ್ಷ ನಡೆದ ಒಂದು ಸಣ್ಣ ಸಂಗತಿ ನನ್ನ ಲೇಖನಿಯನ್ನು ಬೇರೊಂದು ದಿಕ್ಕಿಗೆ ತಿರುಗಿಸಿತು.

ನಮ್ಮ ಶಾಲೆಯ ಹುಡುಗಿಯರು ಉಪಜಿಲ್ಲಾ ಕಬಡ್ಡಿ ಪಂದ್ಯಾಟದಲ್ಲಿ ಗೆದ್ದು ಬಂದರು. ಮರುದಿನ ಬೆಳಿಗ್ಗೆ ಆ ತಂಡದ ಒಬ್ಬ ಹುಡುಗಿಯ ಅಜ್ಜ ಪತ್ರಿಕೆಯೊಂದನ್ನು ಕಂಕುಳಲ್ಲಿ ಇರಿಸಿಕೊಂಡು ಶಾಲೆಯ ಜಗಲಿಗೆ ಬಂದರು. “ಮಾಷ್ಟ್ರೇ, ಇದರಲ್ಲಿ ನಮ್ಮ ಮಗುವಿನ ಹೆಸರು ಎಲ್ಲುಂಟು? ನನ್ನ ಕಣ್ಣಿಗೆ ಸಿಕ್ಕುವುದಿಲ್ಲ” ಎಂದರು. ನಾನು ನೋಡಿದೆ. ಹುಡುಗರ ಪಂದ್ಯಾಟದ ಸುದ್ದಿ ಚಿತ್ರಸಮೇತ ಬಂದಿತ್ತು. ಆಡಿದವರ ಹೆಸರುಗಳೆಲ್ಲ ಇದ್ದವು. ಹುಡುಗಿಯರ ಗೆಲುವಿಗೆ ತಳದಲ್ಲಿ ಒಂದೇ ಸಾಲು. ಹೆಸರು ಒಂದೂ ಇಲ್ಲ. ಸ್ಥಳಾಭಾವವಿದ್ದಿರಬೇಕು ಎಂದು ನಾನು ಸಮಾಧಾನ ಹೇಳಿದೆ. ಆ ಹಿರಿಯರು ಪತ್ರಿಕೆಯನ್ನು ಮಡಚುತ್ತ, “ಸ್ಥಳ ಇರಲಿಲ್ಲವೋ, ಬರೆಯುವವರು ಅಲ್ಲಿಗೆ ಬರಲೇ ಇಲ್ಲವೋ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಬರೆಯುವವರು ಅಲ್ಲಿಗೆ ಬರಲಿಲ್ಲ ಎಂಬ ಆ ಮಾತು ಕಿವಿಯಲ್ಲಿ ಉಳಿದಾಗ, ಎಂದೋ ಓದಿದ್ದ ಒಬ್ಬ ಮಹಿಳೆಯ ಜೀವನವೃತ್ತಾಂತ ನೆನಪಿಗೆ ಬಂತು. ಆಕೆ ಯಾರೂ ಹೋಗದ ಮೈದಾನಗಳಿಗೆ ಹೋದವರು. ಆಕೆಗೂ ನಮ್ಮ ನಾಡಿಗೂ ಯಾವ ಸಂಬಂಧವೂ ಇಲ್ಲ. ಅಮೆರಿಕದ ಒಂದು ನಡುತರದ ನಗರದಲ್ಲಿ ಅರುವತ್ತು ವರ್ಷಗಳಷ್ಟು ಕಾಲ ಪತ್ರಿಕೆಯ ಕೆಲಸ ಮಾಡಿ ತೀರಿಕೊಂಡವರು. ಆದರೂ ಗಡಿನಾಡಿನ ನಮಗೆ ಈ ಕಥೆ ತೀರ ಹೊರಗಿನದೆಂದು ತೋರಲಾರದೆಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ. ಕೋಟೆಯ ಲೇಖನಕ್ಕಾಗಿ ಕಾದಿದ್ದ ಮಿತ್ರರು ಕ್ಷಮಿಸಬೇಕು.

ಅಮೆರಿಕದ ಆಗ್ನೇಯ ಭಾಗದಲ್ಲಿ ನಾರ್ತ್ ಕ್ಯಾರೊಲೈನ ಎಂಬ ಸಂಸ್ಥಾನವಿದೆ. ಅಲ್ಲಿ ವಿನ್‌ಸ್ಟನ್ ಮತ್ತು ಸೇಲಂ ಎಂಬ ಎರಡು ಪಟ್ಟಣಗಳು ಅಕ್ಕಪಕ್ಕದಲ್ಲಿದ್ದು 1913ರಲ್ಲಿ ಕೂಡಿ ಒಂದೇ ನಗರವಾದುವು. ಹೊಗೆಸೊಪ್ಪಿನ ನಗರವದು. ರೆನಾಲ್ಡ್ಸ್ ಕಂಪೆನಿಯ ಸಿಗರೇಟು ಕಾರ್ಖಾನೆಗಳಲ್ಲಿ ಸಾವಿರಾರು ಜನ ದುಡಿಯುತ್ತಿದ್ದರು. ಅವರಲ್ಲಿ ಕಪ್ಪು ಜನಾಂಗದವರ ಸಂಖ್ಯೆ ಬಹು ದೊಡ್ಡದು. ಗುಲಾಮಗಿರಿ ಶಾಸನದ ಮೂಲಕ ಅಳಿದು ಎಷ್ಟೋ ಕಾಲವಾಗಿದ್ದರೂ ಅಮೆರಿಕದ ದಕ್ಷಿಣದ ಸಂಸ್ಥಾನಗಳಲ್ಲಿ ವರ್ಣಭೇದವೇ ನಿತ್ಯದ ಕಟ್ಟಳೆಯಾಗಿತ್ತು. ಬಿಳಿಯರ ಶಾಲೆ ಬೇರೆ, ಕಪ್ಪು ಮಕ್ಕಳ ಶಾಲೆ ಬೇರೆ. ಬಸ್ಸಿನಲ್ಲಿ ಕುಳಿತುಕೊಳ್ಳುವ ಸ್ಥಳ ಬೇರೆ. ಆಟದ ತಂಡಗಳೂ ಬೇರೆ ಬೇರೆ. ಅಸ್ಪೃಶ್ಯತೆಯ ಚರಿತ್ರೆಯನ್ನು ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮೇರಿ ಗಾರ್ಬರ್ 1916ನೆಯ ಇಸವಿ ಏಪ್ರಿಲ್ 16ರಂದು ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದಳು. ಎಂಟು ವರ್ಷದವಳಾಗಿದ್ದಾಗ, 1924ರಲ್ಲಿ, ಅವರ ಕುಟುಂಬ ವಿನ್‌ಸ್ಟನ್-ಸೇಲಂಗೆ ಬಂದು ನೆಲೆಸಿತು. ಹುಡುಗಿ ಗಾತ್ರದಲ್ಲಿ ಪುಟ್ಟವಳು. ಬೆಳೆದು ದೊಡ್ಡವಳಾದ ಮೇಲೂ ಐದಡಿಗಿಂತ ಹೆಚ್ಚು ಎತ್ತರವಾಗಲಿಲ್ಲ. ಆದರೆ ಬೊಂಬೆಯಾಟಕ್ಕಿಂತ ಬೀದಿಯ ಹುಡುಗರ ಫುಟ್‌ಬಾಲ್ ಆಟವೇ ಅವಳಿಗೆ ಹಿತವಾಗಿತ್ತು. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಬಲ್ಲ ಕಾಲ್ಚೆಂಡಾಟವನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗೆ ಅವಚಿಕೊಂಡು ಓಡಬೇಕು. ಎದುರಾಳಿಗಳು ಓಡುವವನನ್ನು ತಬ್ಬಿ ನೆಲಕ್ಕೆ ಕೆಡವಬೇಕು. ಹಿಡಿತದ ಮಟ್ಟಿಗೆ ಅದು ನಮ್ಮ ಕಬಡ್ಡಿಗೇ ಹೆಚ್ಚು ಸಮೀಪವೆಂದು ನನ್ನ ಭಾವನೆ. ನೆರೆಕರೆಯ ಹುಡುಗರ ಇಂತಹ ಒಂದು ತಂಡದಲ್ಲಿ ಮೇರಿ ತಂಡವನ್ನು ನಡೆಸುವ ಸ್ಥಾನದಲ್ಲಿ ನಿಂತು ಆಡುತ್ತಿದ್ದಳು.

ಮುಂದೆ ವರ್ಜೀನಿಯ ಸಂಸ್ಥಾನದ ಹಾಲಿನ್ಸ್ ಎಂಬ ಸ್ತ್ರೀಯರ ಕಾಲೇಜಿನಲ್ಲಿ ಓದಿ 1938ರಲ್ಲಿ ಪದವೀಧರೆಯಾದಳು. ಪತ್ರಿಕೆಯ ಕೆಲಸ ಒಡನೆಯೇ ದೊರೆಯಲಿಲ್ಲ. 1940ರಲ್ಲಿ ತನ್ನ ಊರಿನ ಸಂಜೆಯ ಪತ್ರಿಕೆಯಾದ ‘ಟ್ವಿನ್ ಸಿಟಿ ಸೆಂಟಿನೆಲ್’ನಲ್ಲಿ ಸ್ಥಾನ ಸಿಕ್ಕಿತು. ಆದರೆ ಎಂತಹ ಸ್ಥಾನ? ಸಮಾಜವಾರ್ತೆಯ ಪುಟ. ಊರಿನ ಸಿರಿವಂತರ ಮದುವೆ, ಔತಣಕೂಟ, ವಧುವಿನ ಉಡುಪಿನ ವರ್ಣನೆ, ಯಾರ ಮನೆಗೆ ಯಾರು ಅತಿಥಿಗಳಾಗಿ ಬಂದರು ಎಂಬ ವಿವರ. ಆ ಕಾಲದ ಪತ್ರಿಕೆಗಳಲ್ಲಿ ಹೆಂಗಸರಿಗೆ ಸಾಮಾನ್ಯವಾಗಿ ಸಲ್ಲುತ್ತಿದ್ದುದು ಈ ಒಂದು ಪುಟವೇ. ಆಟದ ಬಯಲನ್ನು ಬಯಸಿದವಳಿಗೆ ರೇಷ್ಮೆಯ ನಿರಿಗೆಗಳನ್ನು ವರ್ಣಿಸುವ ಕೆಲಸ ಒಗ್ಗಲಿಲ್ಲವೆಂಬುದರಲ್ಲಿ ಆಶ್ಚರ್ಯವೇನು?

ಇಷ್ಟರಲ್ಲಿ ಎರಡನೆಯ ಮಹಾಯುದ್ಧ ಅಮೆರಿಕವನ್ನೂ ಎಳೆದುಕೊಂಡಿತು. ತರುಣರು ಒಬ್ಬೊಬ್ಬರಾಗಿ ಸೇನೆಗೆ ಸೇರಿದರು. ಪತ್ರಿಕೆಯ ಕ್ರೀಡಾವಿಭಾಗ ಬರಿದಾಯಿತು. ಗಂಡಸರಿಲ್ಲದ ಕಾರಣದಿಂದಲೇ 1944ರಲ್ಲಿ ಆ ಮೇಜು ಮೇರಿ ಗಾರ್ಬರ್ ಅವರ ಪಾಲಿಗೆ ಬಂದಿತು. ಯುದ್ಧದ ದೆಸೆಯಿಂದ ಎಷ್ಟೋ ದೇಶಗಳ ಸ್ತ್ರೀಯರು ಕಾರ್ಖಾನೆಗಳಿಗೂ ಕಚೇರಿಗಳಿಗೂ ಕಾಲಿಟ್ಟರೆಂದು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ. ಯುದ್ಧ ಮುಗಿದೊಡನೆ ಅವರಲ್ಲಿ ಬಹು ಮಂದಿ ಮರಳಿ ಮನೆಗೆ ಕಳುಹಿಸಲ್ಪಟ್ಟರೆಂಬುದನ್ನು ಹೇಳಲು ಮರೆಯುತ್ತೇವೆ. ಗಾರ್ಬರ್ ಅವರಿಗೂ ಹಾಗೆಯೇ ಆಯಿತು. ಗಂಡಸರು ಮರಳಿದರು, ಆಕೆಯನ್ನು ಸಾಮಾನ್ಯ ಸುದ್ದಿಯ ವಿಭಾಗಕ್ಕೆ ಕಳುಹಿಸಲಾಯಿತು. ಅಲ್ಲಿ ಒಂದು ವರ್ಷದಷ್ಟು ಕಾಲ ಕಳೆಯಿತು. ಆದರೆ ಆಕೆ ಬರೆದ ರೀತಿಯನ್ನು ಮೇಲಿನವರು ಮರೆತಿರಲಿಲ್ಲ. 1946ರಲ್ಲಿ ಮತ್ತೆ ಕ್ರೀಡಾವಿಭಾಗಕ್ಕೆ ಕರೆದರು. ಮೊದಲನೆಯ ಸಲ ಗಂಡಸರಿಲ್ಲದ ಕೊರತೆಯಿಂದ ಆ ಕೆಲಸ ಸಿಕ್ಕಿತು. ಎರಡನೆಯ ಸಲ ಗಂಡಸರಿದ್ದೂ ಸಿಕ್ಕಿತು. ನನ್ನ ಎಣಿಕೆಯಲ್ಲಿ ಆಕೆಯ ನಿಜವಾದ ವೃತ್ತಿಜೀವನ ಆರಂಭವಾದುದು ಈ ಎರಡನೆಯ ಸಲವೇ.

ಅಮೆರಿಕದಲ್ಲಿ ಆಟದ ಸುದ್ದಿಯನ್ನು ಬರೆದ ಮೊದಲ ಮಹಿಳೆ ಈಕೆಯಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿಯೇ ಬಾಲ್ಟಿಮೋರ್ ನಗರದಲ್ಲಿ ಸೇಡಿ ನೆಲರ್ ಮಿಲ್ಲರ್ ಎಂಬಾಕೆ ಬೇಸ್‌ಬಾಲ್ ಪಂದ್ಯಗಳ ವರದಿಯನ್ನು ಬರೆದಿದ್ದರು. ಆದರೆ ಆಕೆ ಬರೆಹದ ಕೆಳಗೆ ತನ್ನ ಹೆಸರಿನ ಮೂರು ಅಕ್ಷರಗಳನ್ನು ಮಾತ್ರ ಹಾಕುತ್ತಿದ್ದರು. ಓದುವವರಿಗೆ ಬರೆದವರು ಹೆಣ್ಣೋ ಗಂಡೋ ತಿಳಿಯುವಂತಿರಲಿಲ್ಲ. ಗಾರ್ಬರ್ ಅವರ ವರದಿಗಳು ಮೇರಿ ಎಂಬ ಹೆಸರಿನೊಡನೆಯೇ ಅಚ್ಚಾದುವು. ದಕ್ಷಿಣದ ಆ ಸೀಮೆಯಲ್ಲಿ ಹಿರಿಯ ಹೆಂಗಸರ ಹೆಸರಿನ ಮುಂದೆ ‘ಮಿಸ್’ ಎಂದು ಸೇರಿಸಿ ಗೌರವವನ್ನೂ ಸಲುಗೆಯನ್ನೂ ಒಟ್ಟಿಗೆ ತೋರುವ ಪದ್ಧತಿಯುಂಟು, ನಾವು ಹೆಸರಿಗೆ ‘ಅಕ್ಕ’ ಸೇರಿಸುವಂತೆ. ಊರಿನ ಆಟಗಾರರಿಗೆಲ್ಲ ಆಕೆ ‘ಮಿಸ್ ಮೇರಿ’ ಆದರು.

ಗೌರವ ಊರಿನಲ್ಲಿತ್ತು, ಊರ ಹೊರಗೆ ಬಾಗಿಲು ಮುಚ್ಚಿತ್ತು. ದೊಡ್ಡ ಕ್ರೀಡಾಂಗಣಗಳಲ್ಲಿ ಪತ್ರಕರ್ತರಿಗೆಂದು ಮೇಲೆ ಒಂದು ಕೊಠಡಿಯನ್ನೋ ಅಟ್ಟಣೆಯನ್ನೋ ಕಟ್ಟಿರುತ್ತಾರೆ. ಅಲ್ಲಿಂದ ಮೈದಾನ ಪೂರ್ತಿ ಕಾಣುತ್ತದೆ; ಬರೆಯಲು ಮೇಜು, ಸುದ್ದಿ ಕಳುಹಿಸಲು ದೂರವಾಣಿ, ಆಟದ ಅಂಕೆಸಂಖ್ಯೆಗಳ ಹಾಳೆ ಎಲ್ಲವೂ ಅಲ್ಲಿ ದೊರೆಯುತ್ತವೆ. 1946ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯಕ್ಕೆ ಗಾರ್ಬರ್ ಹೋದಾಗ ಆ ಕೊಠಡಿಗೆ ಪ್ರವೇಶ ದೊರೆಯಲಿಲ್ಲ. ಹೆಂಗಸರಿಗೂ ಮಕ್ಕಳಿಗೂ ಪ್ರವೇಶವಿಲ್ಲ ಎಂಬುದು ಅಂದಿನ ಪತ್ರಕರ್ತರ ಕೊಠಡಿಗಳ ನಿಯಮ. ಆಕೆಯನ್ನು ತಂಡದ ತರಬೇತಿದಾರರ ಹೆಂಡಿರಿಗೆಂದು ಮೀಸಲಾದ ಸ್ಥಳದಲ್ಲಿ ಕೂರಿಸಿದರು. ಹರಟೆಗಳ ಮಧ್ಯೆ ಕುಳಿತು, ಮಂಡಿಯ ಮೇಲೆ ಕಾಗದವಿಟ್ಟುಕೊಂಡು, ಒಂದೊಂದು ಓಟವನ್ನೂ ಲೆಕ್ಕವಿಡಬೇಕು. ಅದೇ ಪಂದ್ಯವನ್ನು ಮೇಲಿನ ಮೇಜಿನಲ್ಲಿ ಕುಳಿತು ಬರೆಯುವ ಗಂಡಸರೊಡನೆ ಮರುದಿನ ಅಚ್ಚಿನಲ್ಲಿ ಸ್ಪರ್ಧಿಸಬೇಕು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಈ ಬಾಗಿಲು ಆಕೆಯ ಸಹನೆಯಿಂದ ತೆರೆಯಲಿಲ್ಲ. ಆಕೆಯ ಪತ್ರಿಕೆಯ ಸಂಪಾದಕರು ಆ ಪ್ರಾಂತದ ನಾಲ್ಕು ದೊಡ್ಡ ವಿದ್ಯಾಸಂಸ್ಥೆಗಳ ಕ್ರೀಡಾಧಿಕಾರಿಗಳಿಗೆ ಪತ್ರ ಬರೆದು, ಗಾರ್ಬರ್ ನಮ್ಮ ಪತ್ರಿಕೆಯ ಪ್ರತಿನಿಧಿ, ನಮ್ಮ ಬೇರೆ ಯಾವ ವರದಿಗಾರನಿಗೆ ಸಲ್ಲುವ ಸ್ಥಾನವಿದೆಯೋ ಅದೇ ಸ್ಥಾನ ಈಕೆಗೂ ಸಲ್ಲಬೇಕು ಎಂದು ತಿಳಿಸಿದರು. ಆ ಮೇಲೆ ಆ ಕೊಠಡಿಗಳಲ್ಲಿ ಆಕೆಗೆ ಕುರ್ಚಿ ಸಿಕ್ಕಿತು. ಒಬ್ಬ ವ್ಯಕ್ತಿಯ ಧೈರ್ಯವನ್ನು ಹೊಗಳುವಾಗ ಅವರ ಬೆನ್ನ ಹಿಂದೆ ನಿಂತ ಸಂಸ್ಥೆಯನ್ನು ಮರೆಯುವುದು ಜೀವನಚರಿತ್ರೆ ಬರೆಯುವವರ ಸಾಮಾನ್ಯ ದೋಷ. ಆ ಕಾಗದವನ್ನು ಬರೆಯುವವರಿಲ್ಲದಿದ್ದರೆ ಮಿಸ್ ಮೇರಿ ಇನ್ನೆಷ್ಟು ವರ್ಷ ಹೆಂಡಿರ ಸಾಲಿನಲ್ಲಿ ಕುಳಿತಿರುತ್ತಿದ್ದರೋ!

ಕುರ್ಚಿ ಸಿಕ್ಕಿತು, ಮರ್ಯಾದೆ ಸಿಕ್ಕಲಿಲ್ಲ. ಆ ಪ್ರಾಂತದ ಕ್ರೀಡಾ ಬರೆಹಗಾರರ ಸಂಘವೂ ಅಖಿಲ ಅಮೆರಿಕ ಫುಟ್‌ಬಾಲ್ ಬರೆಹಗಾರರ ಸಂಘವೂ ಆಕೆಗೆ ಸದಸ್ಯತ್ವವನ್ನು ನಿರಾಕರಿಸಿದುವು. ಆಟಗಾರರು ಉಡುಪು ಬದಲಿಸುವ ಕೋಣೆಯ ಪ್ರಶ್ನೆಯಂತೂ ಇನ್ನೂ ಜಟಿಲ. ಪಂದ್ಯ ಮುಗಿದೊಡನೆ ವರದಿಗಾರರೆಲ್ಲ ಆ ಕೋಣೆಗೆ ನುಗ್ಗಿ ಆಟಗಾರರ ಮಾತನ್ನು ಬಿಸಿಬಿಸಿಯಾಗಿ ಬರೆದುಕೊಳ್ಳುವುದು ಅಮೆರಿಕದ ಪದ್ಧತಿ. ಮರುದಿನದ ವರದಿಯ ಜೀವಾಳವೇ ಆ ಮಾತುಗಳು. ಗಾರ್ಬರ್ ಬಾಗಿಲ ಹೊರಗೆ ಓಣಿಯಲ್ಲಿ ನಿಂತು ಕಾಯಬೇಕಾಗಿತ್ತು. ಒಳಗಿನವರು ಕೆಲಸ ಮುಗಿಸಿ ಹೊರಟ ಮೇಲೆ, ತರಬೇತಿದಾರ ಕನಿಕರ ತೋರಿ ಒಬ್ಬಿಬ್ಬರು ಆಟಗಾರರನ್ನು ಹೊರಗೆ ಕಳುಹಿಸಿದರೆ ಅವರೊಡನೆ ಮಾತನಾಡಬೇಕು. ಗಡಿಯಾರ ಮಾತ್ರ ಯಾರಿಗೂ ಕಾಯುವುದಿಲ್ಲ. ಅಚ್ಚಿನ ಯಂತ್ರ ಹೆಣ್ಣು ಬರೆದ ಸುದ್ದಿಯೆಂದು ಅರ್ಧ ಗಂಟೆ ತಡೆದು ನಿಲ್ಲುವುದಿಲ್ಲ. ಹೀಗೆ ಹತ್ತಿಪ್ಪತ್ತು ವರ್ಷಗಳಲ್ಲ, ಅದಕ್ಕೂ ಹೆಚ್ಚು ಕಾಲ ನಡೆಯಿತು.

ಈ ದಿನಗಳಲ್ಲಿ ಆಕೆ ಮಾದರಿಯಾಗಿ ಇಟ್ಟುಕೊಂಡದ್ದು ಜಾಕಿ ರಾಬಿನ್ಸನ್ ಅವರನ್ನು. ಕಪ್ಪು ಜನಾಂಗದ ಆಟಗಾರರನ್ನು ಹೊರಗಿಟ್ಟಿದ್ದ ಅಮೆರಿಕದ ಬೇಸ್‌ಬಾಲ್ ಮಹಾಕೂಟದಲ್ಲಿ 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ತಂಡದ ಪರವಾಗಿ ಆಡಿ ಆ ಕಟ್ಟನ್ನು ಮುರಿದ ಮಹನೀಯರು ಅವರು. ಪ್ರೇಕ್ಷಕರ ಬೈಗುಳನ್ನೂ ಎದುರಾಳಿಗಳ ಅವಮಾನವನ್ನೂ ನುಂಗಿಕೊಂಡು ಆಟದಲ್ಲಿಯೇ ಉತ್ತರ ಕೊಟ್ಟರು. ತನಗೆ ಬೇಸರ ಬಂದಾಗಲೆಲ್ಲ ರಾಬಿನ್ಸನ್ ಅವರನ್ನು ನೆನೆದು, ಬಾಯಿ ಮುಚ್ಚಿಕೊಂಡು ಕೆಲಸವನ್ನು ಚೆನ್ನಾಗಿ ಮಾಡುವುದನ್ನು ಕಲಿತೆನೆಂದು ಗಾರ್ಬರ್ ಮುಪ್ಪಿನಲ್ಲಿ ಹೇಳಿಕೊಂಡಿದ್ದಾರೆ. ಬಿಳಿಯ ಹೆಂಗಸೊಬ್ಬಳು ತನ್ನ ಕಷ್ಟಕ್ಕೆ ಕಪ್ಪು ಪುರುಷನೊಬ್ಬನಿಂದ ಧೈರ್ಯವನ್ನು ಪಡೆದುಕೊಂಡಳು. ಆ ಕಾಲದ, ಆ ಸೀಮೆಯ ಮಟ್ಟಿಗೆ ಇದು ಸಣ್ಣ ಮಾತಲ್ಲ.

ನನ್ನ ಬರೆಹ ಮುಖ್ಯವಾಗಿ ಹೇಳಹೊರಟದ್ದಕ್ಕೆ ಈಗ ಬಂದೆ. ದಕ್ಷಿಣದ ಬಿಳಿಯರ ಪತ್ರಿಕೆಗಳಲ್ಲಿ ಕಪ್ಪು ಶಾಲೆಗಳ ಆಟದ ಸುದ್ದಿಗೆ ಸ್ಥಳವೇ ಇರಲಿಲ್ಲವೆಂದರೂ ಸಲ್ಲುತ್ತದೆ. ಕೆಲವು ಪತ್ರಿಕೆಗಳು ಕಪ್ಪು ಜನರ ಸುದ್ದಿಗೆಂದು ಬೇರೆಯೇ ಒಂದು ಪುಟವನ್ನೋ ಅಂಕಣವನ್ನೋ ಇಟ್ಟು ಅಷ್ಟಕ್ಕೆ ಕೈತೊಳೆದುಕೊಳ್ಳುತ್ತಿದ್ದುವು. ವಿನ್‌ಸ್ಟನ್-ಸೇಲಂನಲ್ಲಿ ಕಪ್ಪು ವಿದ್ಯಾರ್ಥಿಗಳ ಆಟ್ಕಿನ್ಸ್ ಹೈಸ್ಕೂಲು ಇತ್ತು. ಉಪಾಧ್ಯಾಯರನ್ನು ತಯಾರಿಸುವ ವಿನ್‌ಸ್ಟನ್-ಸೇಲಂ ಟೀಚರ್ಸ್ ಕಾಲೇಜು ಇತ್ತು. ಅಲ್ಲಿಯ ಹುಡುಗರು ಎಷ್ಟು ಚೆನ್ನಾಗಿ ಆಡಿದರೂ ಆ ಸುದ್ದಿ ಅವರ ಕೇರಿಯನ್ನು ದಾಟುತ್ತಿರಲಿಲ್ಲ. ಗಾರ್ಬರ್ ಆ ಮೈದಾನಗಳಿಗೆ ಹೋದರು. ಬಿಳಿಯರ ಶಾಲೆಯ ಪಂದ್ಯವನ್ನು ಹೇಗೆ ಬರೆಯುತ್ತಿದ್ದರೋ ಹಾಗೆಯೇ ಬರೆದರು: ಯಾರು ಓಡಿದರು, ಯಾರು ಗಳಿಸಿದರು, ಯಾವ ಘಳಿಗೆಯಲ್ಲಿ ಪಂದ್ಯ ತಿರುಗಿತು, ಹುಡುಗನ ಪೂರ್ತಿ ಹೆಸರೇನು. 1940ರ ಹಾಗೂ 1950ರ ದಶಕಗಳಲ್ಲಿ, ನ್ಯಾಯಾಲಯಗಳು ವರ್ಣಭೇದದ ಶಾಲೆಗಳು ಸಲ್ಲವೆಂದು 1954ರಲ್ಲಿ ತೀರ್ಪು ಕೊಡುವುದಕ್ಕೂ ಮೊದಲೇ, ಆಕೆ ಈ ಕೆಲಸವನ್ನು ಆರಂಭಿಸಿದ್ದರು. ಘೋಷಣೆ ಕೂಗಲಿಲ್ಲ, ಮೆರವಣಿಗೆಯಲ್ಲಿ ನಡೆಯಲಿಲ್ಲ. ಹತ್ತಿರದ ಗ್ರೀನ್ಸ್‌ಬರೋ ನಗರದಲ್ಲಿ 1960ರ ಫೆಬ್ರವರಿ 1ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾದ ಉಪಾಹಾರದ ಕಟ್ಟೆಯಲ್ಲಿ ಕುಳಿತು ಸತ್ಯಾಗ್ರಹ ಹೂಡಿದುದನ್ನು ಚರಿತ್ರೆ ದೊಡ್ಡ ಅಕ್ಷರಗಳಲ್ಲಿ ಬರೆದಿಟ್ಟಿದೆ, ಬರೆಯಬೇಕಾದದ್ದೇ. ಅದಕ್ಕೂ ಹತ್ತು ಹನ್ನೆರಡು ವರ್ಷಗಳ ಹಿಂದಿನಿಂದ ಒಂದು ಸಂಜೆಪತ್ರಿಕೆಯ ಕ್ರೀಡಾಪುಟದಲ್ಲಿ ಕಪ್ಪು ಹುಡುಗರ ಹೆಸರುಗಳು ಸದ್ದಿಲ್ಲದೆ ಬಂದು ಕುಳಿತುಕೊಳ್ಳುತ್ತಿದ್ದುವು. ಆ ಹೆಸರುಗಳನ್ನು ಕತ್ತರಿಸಿ ಗೋಡೆಗೆ ಅಂಟಿಸಿದ ತಾಯಂದಿರು ಎಷ್ಟು ಮಂದಿಯೋ ಎಂದು ನಾನು ಊಹಿಸಿಕೊಳ್ಳುತ್ತೇನೆ.

ಟೀಚರ್ಸ್ ಕಾಲೇಜಿನಲ್ಲಿ 1946ರಲ್ಲಿ, ಅಂದರೆ ಗಾರ್ಬರ್ ಕ್ರೀಡಾವಿಭಾಗಕ್ಕೆ ಮರಳಿದ ವರ್ಷವೇ, ಕ್ಲಾರೆನ್ಸ್ ಗೇನ್ಸ್ ಎಂಬ ತರುಣರು ಮುಖ್ಯ ತರಬೇತಿದಾರರಾದರು. ಆರಡಿಗೂ ಮಿಗಿಲಾದ ಎತ್ತರ, ಅದಕ್ಕೆ ತಕ್ಕ ಮೈಕಟ್ಟು. ಕಾಲೇಜಿನ ದಿನಗಳಲ್ಲಿಯೇ ‘ದೊಡ್ಡ ಮನೆ’ ಎಂಬ ಅಡ್ಡಹೆಸರು ಬಂದಿತ್ತು. ಐದಡಿಯ ಮಿಸ್ ಮೇರಿ ತಲೆಯೆತ್ತಿ ಪ್ರಶ್ನೆ ಕೇಳುವುದನ್ನೂ ಆ ಗಜಕಾಯರು ತಲೆಬಾಗಿಸಿ ಉತ್ತರ ಕೊಡುವುದನ್ನೂ ಕಣ್ಣಮುಂದೆ ತಂದುಕೊಂಡರೆ ನಗೆ ಬರುತ್ತದೆ. ಈ ಪರಿಚಯ ಜೀವಮಾನದ ಸ್ನೇಹವಾಯಿತು. ಗೇನ್ಸ್ ಅಲ್ಲಿ 1993ರ ತನಕ ಇದ್ದು ಬ್ಯಾಸ್ಕೆಟ್‌ಬಾಲ್ ಆಟದಲ್ಲಿ 828 ಪಂದ್ಯಗಳ ಗೆಲುವನ್ನು ಕಂಡರು. ಅವರ ಶಿಷ್ಯರಲ್ಲಿ ಅಗ್ರಗಣ್ಯರಾದ ಅರ್ಲ್ ಮನ್ರೋ 1966-67ರ ಸಾಲಿನಲ್ಲಿ ಪಂದ್ಯಕ್ಕೆ ಸರಾಸರಿ 41.5 ಅಂಕಗಳನ್ನು ಗಳಿಸಿದರು. ಆ ವರ್ಷ ಆ ತಂಡ 31 ಪಂದ್ಯಗಳನ್ನು ಗೆದ್ದು ಒಂದನ್ನು ಮಾತ್ರ ಸೋತು, ಸಣ್ಣ ಕಾಲೇಜುಗಳ ರಾಷ್ಟ್ರೀಯ ಪ್ರಶಸ್ತಿಯನ್ನು ಪಡೆಯಿತು. ರಾಷ್ಟ್ರೀಯ ಕಾಲೇಜು ಕ್ರೀಡಾ ಮಂಡಲಿಯ ಬ್ಯಾಸ್ಕೆಟ್‌ಬಾಲ್ ಪ್ರಶಸ್ತಿಯೊಂದನ್ನು ಕಪ್ಪು ಜನಾಂಗದವರಿಗಾಗಿ ಸ್ಥಾಪಿತವಾದ ಕಾಲೇಜೊಂದು ಗೆದ್ದುದು ಅದೇ ಮೊದಲು. ಆಗ ದೇಶದ ಪತ್ರಿಕೆಗಳೆಲ್ಲ ಆ ಕಾಲೇಜಿನತ್ತ ಕಣ್ಣು ಹಾಯಿಸಿದುವು. ಗಾರ್ಬರ್ ಅವರಿಗೆ ಅದು ಇಪ್ಪತ್ತು ವರ್ಷಗಳ ಹಳೆಯ ಪರಿಚಯ. ಕಪ್ಪು ಆಟಗಾರರನ್ನು ಯಾರೂ ಲೆಕ್ಕಿಸದಿದ್ದ ಕಾಲದಲ್ಲಿ ಎಲ್ಲರಿಗೂ ನ್ಯಾಯವಾದ ಸ್ಥಾನ ಸಿಕ್ಕುವಂತೆ ಆಕೆ ಶ್ರಮವಹಿಸಿದರೆಂದು ಗೇನ್ಸ್ ಮುಂದೆ ಕೃತಜ್ಞತೆಯಿಂದ ನೆನೆದರು.

ಆಕೆ ತನ್ನ ಬಾಳಿನ ಅತಿ ದೊಡ್ಡ ಪ್ರಶಂಸೆಯೆಂದು ಎಣಿಸಿದ್ದು ಮಾತ್ರ ಯಾವ ಸಂಘದ್ದೂ ಅಲ್ಲ. ಮರದ ಪೆಟ್ಟಿಗೆಯಂತಹ ಗಾಡಿಗೆ ಗಾಲಿ ಜೋಡಿಸಿ ಇಳಿಜಾರಿನಲ್ಲಿ ಬಿಡುವ ಒಂದು ಮಕ್ಕಳ ಪಂದ್ಯ ಅಮೆರಿಕದಲ್ಲಿದೆ. ಆ ಪಂದ್ಯದ ವರದಿಗೆ ಹೋಗಿದ್ದಾಗ ಹಿಂದೆ ಇಬ್ಬರು ಕಪ್ಪು ಹುಡುಗರು ಮಾತನಾಡಿಕೊಳ್ಳುವುದು ಆಕೆಯ ಕಿವಿಗೆ ಬಿತ್ತು. ಎಂಟು ಹತ್ತು ವರ್ಷದ ಎಳೆಯರು. ದೊಡ್ಡವನು ಚಿಕ್ಕವನಿಗೆ ಆಕೆಯನ್ನು ತೋರಿಸಿ, ಅದೋ ಅವರು ಮಿಸ್ ಮೇರಿ ಗಾರ್ಬರ್, ನೀನು ಯಾರು ಎಲ್ಲಿಯವನು ಎಂದು ಅವರು ಕೇಳುವುದಿಲ್ಲ, ನೀನು ಏನಾದರೂ ಸಾಧಿಸಿದರೆ ನಿನ್ನ ವಿಷಯ ಬರೆಯುತ್ತಾರೆ, ಎಂಬ ಅರ್ಥದ ಮಾತು ಹೇಳಿದನಂತೆ. ಇದನ್ನು ಓದಿದಾಗಲೆಲ್ಲ ನಮ್ಮ ಜಗಲಿಗೆ ಬಂದ ಆ ಅಜ್ಜನ ಪ್ರಶ್ನೆ ನನ್ನ ಎದುರಿಗೆ ನಿಲ್ಲುತ್ತದೆ. ಭಾಷೆಯ ಅಲ್ಪಸಂಖ್ಯಾತರಾದ ನಾವು ನಮ್ಮ ಶಾಲೆ, ನಮ್ಮ ಪಠ್ಯಪುಸ್ತಕ, ನಮ್ಮ ಫಲಕಗಳು ಎಂದು ಮನವಿಗಳನ್ನು ಬರೆಯುತ್ತ ಬಂದಿದ್ದೇವೆ. ಹಾಗಿದ್ದೂ ನಮ್ಮದೇ ಸಭೆ ಸಮಾರಂಭಗಳ ವರದಿಯಲ್ಲಿ ವೇದಿಕೆಯ ಮೇಲಿದ್ದವರ ಹೆಸರೆಲ್ಲ ಬಂದು, ಹಾಡಿದ ಹುಡುಗಿಯರು ಬರಿಯ ‘ವಿದ್ಯಾರ್ಥಿನಿಯರು’ ಆಗಿಬಿಡುತ್ತಾರೆ. ಇಂತಹ ವರದಿಗಳನ್ನು ನಾನೇ ಬರೆದು ಕಳುಹಿಸಿದ್ದುಂಟು.

1977ನೆಯ ಇಸವಿಯ ವಿಚಾರವನ್ನು ಇಲ್ಲಿ ಹೇಳಲೇಬೇಕು. ಆ ವರ್ಷ ನ್ಯೂಯಾರ್ಕಿನಲ್ಲಿ ನಡೆದ ಬೇಸ್‌ಬಾಲ್ ಅಂತಿಮ ಸರಣಿಯ ವರದಿಗೆ ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ವಾರಪತ್ರಿಕೆಯಿಂದ ಮೆಲಿಸ್ಸ ಲಡ್ಕಿ ಎಂಬ ತರುಣಿ ಹೋಗಿದ್ದರು. ಆಟಗಾರರ ಕೋಣೆಗೆ ಹೋಗದಂತೆ ಬೇಸ್‌ಬಾಲ್ ಆಡಳಿತದ ಮುಖ್ಯಸ್ಥರಾದ ಬೊವೀ ಕೂನ್ ಆಕೆಯನ್ನು ತಡೆದರು. ಲಡ್ಕಿ ಬಾಗಿಲ ಹೊರಗೆ ಕಾಯುತ್ತ ನಿಲ್ಲಲಿಲ್ಲ. ಪತ್ರಿಕೆಯ ಒಡೆತನದ ಸಂಸ್ಥೆಯೊಡನೆ ಸೇರಿ ನ್ಯಾಯಾಲಯಕ್ಕೆ ಹೋದರು. ಆ ಕ್ರೀಡಾಂಗಣ ನ್ಯೂಯಾರ್ಕ್ ನಗರಾಡಳಿತದ ಆಸ್ತಿ. ಸರಕಾರದ ಸ್ಥಳದಲ್ಲಿ ಸ್ತ್ರೀಪುರುಷ ಭೇದ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂಬುದು ವಾದದ ಮುಖ್ಯಾಂಶ. 1978ರ ಸೆಪ್ಟೆಂಬರಿನಲ್ಲಿ ತೀರ್ಪು ಲಡ್ಕಿಯವರ ಕಡೆಗಾಯಿತು. ತೀರ್ಪು ಕೊಟ್ಟವರು ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ. ಅಮೆರಿಕದ ಕೇಂದ್ರ ನ್ಯಾಯಾಲಯಗಳಲ್ಲಿ ನ್ಯಾಯಾಧೀಶೆಯಾದ ಮೊದಲ ಕಪ್ಪು ಮಹಿಳೆ. ಅದೇ 1977ರಲ್ಲಿ ನಮ್ಮ ದೇಶದ ಇಂದೂರಿನಲ್ಲಿ, ಸಿ. ಕೆ. ನಾಯುಡು ಅವರ ಮಗಳು ಚಂದ್ರಾ ನಾಯುಡು ಕ್ರಿಕೆಟ್ ಪಂದ್ಯದ ವೀಕ್ಷಕ ವಿವರಣೆ ನೀಡಿ ಆ ಕೆಲಸ ಮಾಡಿದ ಭಾರತದ ಮೊದಲ ಮಹಿಳೆಯೆನಿಸಿದರು ಎಂಬುದನ್ನೂ ಪ್ರಾಸಂಗಿಕವಾಗಿ ನೆನೆಯಬಹುದು.

ಆಗ ಗಾರ್ಬರ್ ಅವರಿಗೆ ಅರುವತ್ತು ದಾಟಿತ್ತು. 1970ರ ದಶಕದಲ್ಲಿಯೇ ಅವರಿಗೂ ಬಾಗಿಲುಗಳು ಒಂದೊಂದಾಗಿ ತೆರೆಯತೊಡಗಿದುವು. ಸಹನೆಯೇ ಶ್ರೇಷ್ಠವೋ ಹೋರಾಟವೇ ಶ್ರೇಷ್ಠವೋ ಎಂದು ಭಾಷಣ ಸ್ಪರ್ಧೆಗೆ ವಿಷಯ ಕೊಟ್ಟರೆ ನಮ್ಮ ಮಕ್ಕಳು ಎರಡು ಪಕ್ಷವನ್ನೂ ಸೊಗಸಾಗಿ ಸಾಧಿಸಿಯಾರು. ನನಗೆ ತೋರುವುದನ್ನು ಹೇಳುತ್ತೇನೆ. ಗಾರ್ಬರ್ ಅವರ ತಾಳ್ಮೆಯನ್ನು ನಾನು ಗೌರವಿಸುತ್ತೇನೆ, ಆದರೆ ಅದನ್ನು ಆದರ್ಶವೆಂದು ಹೆಣ್ಣುಮಕ್ಕಳಿಗೆ ಬೋಧಿಸಲಾರೆ. ಮೂವತ್ತು ವರ್ಷ ಓಣಿಯಲ್ಲಿ ನಿಲ್ಲುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಇರಬೇಕೆಂದು ಕೇಳುವ ಹಕ್ಕೂ ಯಾರಿಗೂ ಇಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಹೆಂಗಸು ಆಟದ ವಿಷಯ ಏನು ಬಲ್ಲಳು ಎಂಬ ಆಕ್ಷೇಪಕ್ಕೆ ಆಕೆಯ ಸಾವಿರಾರು ವರದಿಗಳು ಅಷ್ಟು ಹೊತ್ತಿಗೆ ಉತ್ತರವಾಗಿ ನಿಂತಿದ್ದುವು. ನ್ಯಾಯಾಲಯ ಬಾಗಿಲನ್ನು ತೆರೆಸಬಲ್ಲದು. ಒಳಹೊಕ್ಕವಳು ಬರೆಯಬಲ್ಲಳೆಂಬುದನ್ನು ಬರೆದವಳೇ ತೋರಿಸಬೇಕಷ್ಟೆ.

ಸದಸ್ಯತ್ವ ನಿರಾಕರಿಸಿದ್ದ ಸಂಘಗಳ ಕಥೆ ಏನಾಯಿತೆಂದು ವಾಚಕರು ಕೇಳಬಹುದು. ಪ್ರಾಂತದ ಬರೆಹಗಾರರ ಸಂಘ ಮುಂದೆ ಆಕೆಯನ್ನು ಸದಸ್ಯೆಯಾಗಿ ಸೇರಿಸಿಕೊಂಡಿತು. ಬಳಿಕ ಅಧ್ಯಕ್ಷೆಯನ್ನಾಗಿಯೇ ಆರಿಸಿತು. ಫುಟ್‌ಬಾಲ್ ಬರೆಹಗಾರರ ಸಂಘದ ಆಡಳಿತ ಮಂಡಲಿಯಲ್ಲಿಯೂ ಆಕೆಗೆ ಸ್ಥಾನ ದೊರೆಯಿತು. ಸಂಜೆಯ ಸೆಂಟಿನೆಲ್ 1985ರಲ್ಲಿ ನಿಂತುಹೋಯಿತು. ಅದೇ ಸಂಸ್ಥೆಯ ಬೆಳಗಿನ ಪತ್ರಿಕೆಯಾದ ‘ವಿನ್‌ಸ್ಟನ್-ಸೇಲಂ ಜರ್ನಲ್’ ಉಳಿಯಿತು. 1986ರಲ್ಲಿ ಗಾರ್ಬರ್ ನಿಯಮದಂತೆ ನಿವೃತ್ತರಾದರು. ನಿವೃತ್ತಿಯೆಂಬುದು ಹೆಸರಿಗೆ ಮಾತ್ರ. ಮುಂದಿನ ಹದಿನಾರು ವರ್ಷ, 2002ರ ತನಕ, ಅರೆಕಾಲಿಕ ವರದಿಗಾರ್ತಿಯಾಗಿ ಬರೆಯುತ್ತಲೇ ಇದ್ದರು. ಆಗ ಅವರಿಗೆ ಎಂಬತ್ತಾರು ವರ್ಷ.

ಗೌರವಗಳು ಬಂದುವು, ಬಹುಮಟ್ಟಿಗೆ ಬಾಳಿನ ಸಂಜೆಯಲ್ಲಿ. ಆ ಪ್ರಾಂತದ ವಿಶ್ವವಿದ್ಯಾಲಯಗಳ ಕ್ರೀಡಾಮಂಡಲಿ 1990ರಲ್ಲಿ ವರ್ಷದ ಅತ್ಯುತ್ತಮ ಕ್ರೀಡಾಪಟುವಾದ ವಿದ್ಯಾರ್ಥಿನಿಗೆ ಕೊಡುವ ಬಹುಮಾನಕ್ಕೆ ಆಕೆಯ ಹೆಸರನ್ನಿಟ್ಟಿತು. ಹಿಂದೆ ಆಕೆಯನ್ನು ಹೆಂಡಿರ ಸಾಲಿನಲ್ಲಿ ಕೂರಿಸಿದ್ದ ಡ್ಯೂಕ್ ವಿಶ್ವವಿದ್ಯಾಲಯವೂ ಆ ಮಂಡಲಿಯ ಸದಸ್ಯನೇ. 2005ರಲ್ಲಿ ಅಮೆರಿಕದ ಪತ್ರಿಕೆಗಳ ಕ್ರೀಡಾ ಸಂಪಾದಕರ ಸಂಘ ರೆಡ್ ಸ್ಮಿತ್ ಪ್ರಶಸ್ತಿಯನ್ನು ಆಕೆಗೆ ಕೊಟ್ಟಿತು. ಕ್ರೀಡಾ ಬರೆವಣಿಗೆಯಲ್ಲಿ ಅದಕ್ಕಿಂತ ದೊಡ್ಡ ಮನ್ನಣೆ ಆ ದೇಶದಲ್ಲಿ ವಿರಳ. ಅದನ್ನು ಪಡೆದ ಮೊದಲ ಮಹಿಳೆ ಆಕೆಯೇ. 2008ರ ಸೆಪ್ಟೆಂಬರ್ 21ರಂದು, ತೊಂಬತ್ತೆರಡರ ವಯಸ್ಸಿನಲ್ಲಿ, ಮೇರಿ ಗಾರ್ಬರ್ ವಿನ್‌ಸ್ಟನ್-ಸೇಲಂನಲ್ಲಿಯೇ ತೀರಿಕೊಂಡರು.

ಈ ಲೇಖನವನ್ನು ಮುಗಿಸುವ ಹೊತ್ತಿಗೆ ಈ ವರ್ಷದ ಪಂದ್ಯಾಟ ಹತ್ತಿರ ಬಂದಿದೆ. ಹುಡುಗಿಯರ ಹೆಸರುಗಳನ್ನು ಕಾಗುಣಿತ ತಪ್ಪದಂತೆ, ತಂದೆತಾಯಿಯರ ಹೆಸರಿನೊಡನೆ, ಎರಡು ಪ್ರತಿ ಬರೆದಿಟ್ಟಿದ್ದೇನೆ. ಒಂದು ಪ್ರತಿ ಪತ್ರಿಕೆಗೆ. ಇನ್ನೊಂದನ್ನು ಆ ಅಜ್ಜ ತನಗೆ ಬೇಕೆಂದು ಮೊದಲೇ ಹೇಳಿದ್ದಾರೆ.